ರೋಟರಿ ಕಂಬೈನ್: ತೆನೆಯಿಂದ ಕಾಳು ಬೇರೆಯಾಗುವ ಹೊಸ ದಾರಿ

ಬೆಳೆಯನ್ನು ಕೊಯ್ದು, ಒಕ್ಕಿ, ತೂರುವ ಕೆಲಸಗಳನ್ನು ಒಂದೇ ಓಟದಲ್ಲಿ ಮುಗಿಸುವ ಕಂಬೈನ್ ಯಂತ್ರಕ್ಕೆ ಅಮೆರಿಕದ ಮಿಷಿಗನ್‌ನ ಹೈರಮ್ ಮೂರ್ 1836ರಲ್ಲಿಯೇ ಪೇಟೆಂಟ್ ಪಡೆದಿದ್ದರೂ, ಒಕ್ಕಣೆಯ ಕ್ರಮವನ್ನೇ ಬದಲಿಸಿದ ರೋಟರಿ ಮಾದರಿ ಅಲ್ಲಿನ ಹೊಲಗಳಿಗೆ ಇಳಿದದ್ದು 1970ರ ದಶಕದಲ್ಲಿ. ಈ ಬದಲಾವಣೆ ತಿಳಿಯಬೇಕಾದರೆ ಯಂತ್ರದೊಳಗೆ ತೆನೆ ಸಾಗುವ ದಾರಿಯನ್ನೇ ಹಿಡಿದು ಹೋಗಬೇಕು.

ಮೊದಲು ಹಳೆಯ ಕ್ರಮ. ಅಡ್ಡಲಾಗಿ ಕೂರಿಸಿದ ಸಿಲಿಂಡರ್ ತೆನೆಯನ್ನು ಕಾನ್ಕೇವ್ ಎಂಬ ಬಾಗಿದ ಜಾಲರಿಗೆ ಉಜ್ಜಿದಾಗ ಹೆಚ್ಚಿನ ಕಾಳು ಅಲ್ಲಿಯೇ ಉದುರುತ್ತದೆ; ಉಳಿದದ್ದು ಹುಲ್ಲಿನೊಂದಿಗೆ ಹಿಂದಕ್ಕೆ ಸಾಗಿ, ಅದನ್ನು ಕೊಡವುವ ಉದ್ದನೆಯ ಪಟ್ಟಿಗಳ ಮೇಲೆ ಬೀಳುತ್ತದೆ. ತೊಡಕು ಇಲ್ಲಿಯೇ ಇತ್ತು. ಕಾಳು ಕೇವಲ ತನ್ನ ತೂಕದಿಂದ ಕೆಳಗಿಳಿಯಬೇಕಾದ್ದರಿಂದ, ಯಂತ್ರವನ್ನು ವೇಗವಾಗಿ ಓಡಿಸಿದಷ್ಟೂ ಹುಲ್ಲಿನ ಪದರ ದಪ್ಪವಾಗಿ ಕಾಳು ಹುಲ್ಲಿನೊಂದಿಗೇ ಹೊರಬೀಳುತ್ತಿತ್ತು. ಪಟ್ಟಿಗಳನ್ನು ಹಿಗ್ಗಿಸೋಣವೆಂದರೆ ಯಂತ್ರ ರಸ್ತೆಯಲ್ಲಿ ಸಾಗದಷ್ಟು ಅಗಲವಾಗುತ್ತಿತ್ತು.

ಎರಡನೆಯ ಹಂತದಲ್ಲಿ ಆ ಪಟ್ಟಿಗಳನ್ನೇ ಕೈಬಿಡಲಾಯಿತು. ಯಂತ್ರದ ಉದ್ದಕ್ಕೆ ಮಲಗಿಸಿದ ರೋಟರ್ ಎಂಬ ತಿರುಗುವ ಉರುಳೆ ಬೆಳೆಯನ್ನು ಸುರುಳಿಯಾಗಿ ಹಲವು ಸುತ್ತು ತಿರುಗಿಸುವಾಗ, ಕೇಂದ್ರಾಪಗಾಮಿ ಬಲ ಕಾಳನ್ನು ಜಾಲರಿಯಿಂದಾಚೆಗೆ ತಳ್ಳುತ್ತದೆ. ಒಂದೇ ಪೆಟ್ಟಿಗೆ ಬದಲು ಹಲವು ಬಾರಿ ಮೆಲ್ಲಗೆ ಉಜ್ಜುವುದರಿಂದ ಮೆಕ್ಕೆಜೋಳ, ಸೋಯಾಬೀನ್ ಕಾಳು ಒಡೆಯುವುದೂ ಕಡಿಮೆಯಾಯಿತು. ಸ್ಪೆರಿ ನ್ಯೂ ಹಾಲೆಂಡ್ 1975ರಲ್ಲಿ ಹೊರತಂದ ಟಿಆರ್70ರಲ್ಲಿ ಎರಡು ರೋಟರ್‌ಗಳು ಅಕ್ಕಪಕ್ಕದಲ್ಲಿದ್ದವು. 1960ರ ದಶಕದಿಂದಲೇ ಪ್ರಯೋಗ ನಡೆಸಿದ್ದ ಇಂಟರ್‌ನ್ಯಾಷನಲ್ ಹಾರ್ವೆಸ್ಟರ್ 1977ರಲ್ಲಿ ಒಂದೇ ದೊಡ್ಡ ರೋಟರ್‌ನ ಆಕ್ಸಿಯಲ್ ಫ್ಲೋ ತಂದಿತು. ಬಿಡಿಭಾಗಗಳು ಕಡಿಮೆಯಿರುವ ಈ ಎರಡನೆಯದೇ ಹೆಚ್ಚು ಜಾಣತನದ ರಚನೆಯೆನ್ನಬೇಕು. ಗ್ಲೀನರ್ ಎನ್6 ಎಂಬ ಇನ್ನೊಂದು ಕಂಬೈನ್ ರೋಟರನ್ನು ಅಡ್ಡಲಾಗಿಯೇ ಉಳಿಸಿಕೊಂಡಿತು.

ಆದರೆ ರೋಟರ್ ಹೆಚ್ಚು ಶಕ್ತಿ ಬೇಡುತ್ತದೆ, ಹುಲ್ಲನ್ನೂ ಪುಡಿಮಾಡುತ್ತದೆ. ಹುಲ್ಲನ್ನು ಕಂತೆ ಕಟ್ಟಿ ಬಳಸುವ, ತೇವದ ಬೆಳೆ ಕೊಯ್ಯಬೇಕಾದ ಯುರೋಪಿನ ಅನೇಕ ರೈತರು ಹಳೆಯ ಮಾದರಿಯನ್ನು ಬಿಡಲಿಲ್ಲ. 1995ರ ಕ್ಲಾಸ್ ಲೆಕ್ಸಿಯಾನ್ 480 ನಡುದಾರಿ ಹಿಡಿದು, ಮುಂದೆ ಅಡ್ಡ ಸಿಲಿಂಡರ್, ಹಿಂದೆ ಜೋಡಿ ರೋಟರ್ ಇರಿಸಿತು.

ಕೊನೆಯದು ಹೊಲದಲ್ಲಿನ ಹೊಂದಾಣಿಕೆ. ತೊಟ್ಟಿಯಲ್ಲಿ ಒಡೆದ ಕಾಳು ಕಂಡರೆ ಮೊದಲು ರೋಟರ್‌ನ ವೇಗ ತಗ್ಗಿಸಬೇಕು. ತೆನೆಯಲ್ಲಿ ಕಾಳು ಉಳಿದಿದ್ದರೆ ಕಾನ್ಕೇವ್‌ನ ಅಂತರವನ್ನು ತುಸು ಕಿರಿದಾಗಿಸಬೇಕು. ಎರಡನ್ನೂ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಫಲ ಸಿಕ್ಕಿತೆಂಬುದು ತಿಳಿಯದು. ಆದ್ದರಿಂದ ಒಂದನ್ನು ಬದಲಿಸಿ, ಸ್ವಲ್ಪ ದೂರ ಕೊಯ್ದು, ಯಂತ್ರದ ಹಿಂದೆ ನೆಲಕ್ಕೆ ಬಿದ್ದ ಕಾಳನ್ನು ನೋಡಿದ ಬಳಿಕವೇ ಇನ್ನೊಂದಕ್ಕೆ ಕೈಹಾಕಬೇಕು.