ಮೊದಲ ಪ್ರಧಾನಿ ಯಾರು ಅನ್ನೋ ಜಗಳ ನಾನು ಹೇಗೆ ಬಿಡಿಸ್ಕೊಂಡೆ: ನನ್ನ ಅನುಭವ

ಹನ್ನೊಂದು ವರ್ಷದಿಂದ ಹೈಸ್ಕೂಲ್ ಮಕ್ಕಳಿಗೆ ಕ್ವಿಜ್ ನಡೆಸ್ತಾ ಇದೀನಿ, ಸುಲಭ ಅಂತ ವಾರ್ಮಪ್‌ಗೆ ಇಟ್ಟಿದ್ದ ಪ್ರಶ್ನೆನೇ ಒಂದ್ಸಲ ಇಡೀ ಫೈನಲ್ ನಿಲ್ಲಿಸಿಬಿಡ್ತು. ಭಾರತದ ಮೊದಲ ಪ್ರಧಾನಿ ಯಾರು ಅಂದೆ, ಒಬ್ಬ ಹುಡುಗ ಬಜರ್ ಒತ್ತಿ ಸುಭಾಷ್ ಚಂದ್ರ ಬೋಸ್ ಅಂದ, ನಾನು ತಪ್ಪು ಅಂದೆ, ಅಂಕ ಪಕ್ಕದ ಟೀಮಿಗೆ ಹೋಯ್ತು. ಆ ಹುಡುಗನ ಅಪ್ಪ ಎದ್ದು ನಿಂತು, 1943ರಲ್ಲೇ ನೇತಾಜಿ ಪ್ರಧಾನಿ ಆಗಿದ್ರು ಅಂತ ಮೊಬೈಲಿಗೆ ಬಂದಿದ್ದ ಒಂದು ಮೆಸೇಜ್ ಜೋರಾಗಿ ಓದಿದ್ರು. ಉತ್ತರ ನೆಹರು ಅಂತ ನನಗೆ ಗೊತ್ತಿತ್ತು, ಆದ್ರೆ ಯಾಕೆ ಅದೇ ಉತ್ತರ ಅಂತ ಬಿಡಿಸಿ ಹೇಳೋಕೆ ಬಾಯಿ ಬರ್ಲಿಲ್ಲ. ಆ ಹುಡುಗನ ಮುಖ ತುಂಬಾ ದಿನ ಕಾಡ್ತು.

ಆಮೇಲೆ ಒಂದು ದೊಡ್ಡ ಚಾರ್ಟ್ ಶೀಟ್ ತಂದೆ. ಅದರಲ್ಲಿ ಮೊದಲು ಹೆಸರು ಬರೀಲಿಲ್ಲ, ಹುದ್ದೆ ಬರ್ದೆ. ಹುದ್ದೆಗೆ ಏನಂತ ಕರೀತಿದ್ರು, ಅದನ್ನ ಹುಟ್ಟಿಸಿದ್ದು ಯಾವ ಕಾನೂನು ಅಥವಾ ಯಾವ ಘೋಷಣೆ, ಎಲ್ಲಿ ಕೂತು, ಯಾವ ತಾರೀಖು. ಹೆಸರಿನ ಕಾಲಂ ಕೊನೇಲಿ. ಇದೊಂದೇ ಬದಲಾವಣೆ ನನಗೆ ಅರ್ಧ ಜಗಳ ಬಗೆಹರಿಸ್ತು.

ಆ ಅಪ್ಪ ಓದಿದ ಮೆಸೇಜ್ ಸುಳ್ಳೇನಲ್ಲ, ಇದನ್ನ ಮೊದಲು ಒಪ್ಕೋಬೇಕು. 1943ರ ಅಕ್ಟೋಬರ್ 21ರಂದು ಸಿಂಗಾಪುರದ ಕ್ಯಾಥೆ ಚಿತ್ರಮಂದಿರದಲ್ಲಿ ನೇತಾಜಿ ಆಜಾದ್ ಹಿಂದ್ ಸರ್ಕಾರ ಘೋಷಿಸಿದ್ರು, ಅದರ ಮುಖ್ಯಸ್ಥರೂ ಅವರೇ, ಪ್ರಧಾನಿನೂ ಅವರೇ, ಯುದ್ಧ ಮತ್ತೆ ವಿದೇಶಾಂಗ ಖಾತೆನೂ ಅವರದ್ದೇ. ಜಪಾನ್, ಜರ್ಮನಿ, ಇಟಲಿ ಸೇರಿ ಒಂಬತ್ತು ಸರ್ಕಾರಗಳು ಮಾನ್ಯತೆ ಕೊಟ್ವು. ಡಿಸೆಂಬರ್ 30ಕ್ಕೆ ಪೋರ್ಟ್ ಬ್ಲೇರಲ್ಲಿ ಬಾವುಟ ಹಾರಿಸಿದ್ರು. ಆದ್ರೆ ಆ ಸರ್ಕಾರದ ಹೆಸರೇ 'ಆರ್ಜಿ ಹುಕೂಮತ್-ಎ-ಆಜಾದ್ ಹಿಂದ್', ಆರ್ಜಿ ಅಂದ್ರೆ ಹಂಗಾಮಿ. ಬ್ರಿಟಿಷರು ಹೋದ್ಮೇಲೆ ಜನರ ಇಚ್ಛೆಯಂತೆ ಕಾಯಂ ಸರ್ಕಾರ ಬರ್ಬೇಕು ಅಂತ ಅವರ ಘೋಷಣೇಲೇ ಇದೆ. ನೇತಾಜಿ ಮೇಲೆ ಗೌರವ ಇದ್ರೆ ಅವರು ತಮ್ಮ ಸರ್ಕಾರಕ್ಕೆ ಇಟ್ಟ ಹೆಸರನ್ನೂ ಗೌರವಿಸ್ಬೇಕು ಅಂತ ನನ್ನ ಅನಿಸಿಕೆ.

ಇಲ್ಲ, ಹಂಗಾಮಿ ಸರ್ಕಾರದ ಪ್ರಧಾನಿನೂ ಲೆಕ್ಕಕ್ಕೆ ಬರ್ತಾರೆ ಅಂದ್ರೆ ಆಗ್ಲಿ, ಆದ್ರೆ ಆಗ ನೇತಾಜಿಗಿಂತ 28 ವರ್ಷ ಹಿಂದೆ ಹೋಗ್ಬೇಕಾಗುತ್ತೆ. 1915ರ ಡಿಸೆಂಬರ್ 1ಕ್ಕೆ ಕಾಬೂಲಲ್ಲಿ ಭಾರತದ ಹಂಗಾಮಿ ಸರ್ಕಾರ ಅಂತ ಒಂದು ಶುರುವಾಗಿತ್ತು, ರಾಜಾ ಮಹೇಂದ್ರ ಪ್ರತಾಪ್ ಅಧ್ಯಕ್ಷರು, ಭೋಪಾಲದ ಮೌಲಾನಾ ಬರ್ಕತುಲ್ಲಾ ಪ್ರಧಾನಿ. ಈ ಹೆಸರು ಆ ಮೆಸೇಜಲ್ಲಿ ಇರ್ಲೇ ಇಲ್ಲ.

ನೆಹರು ಸಾಲಲ್ಲೂ ಜನ ಎಡವ್ತಾರೆ. 1946ರ ಸೆಪ್ಟೆಂಬರ್ 2ರ ಮಧ್ಯಂತರ ಸರ್ಕಾರದಲ್ಲಿ ಅವರು ವೈಸ್‌ರಾಯ್ ಕಾರ್ಯಕಾರಿ ಮಂಡಳಿಯ ಉಪಾಧ್ಯಕ್ಷರು ಅಷ್ಟೇ, ಅಧ್ಯಕ್ಷ ಸ್ಥಾನ ವೈಸ್‌ರಾಯ್ ವೇವೆಲ್‌ದು. ಪ್ರಧಾನಿ ಅನ್ನೋ ಪಟ್ಟ 1947ರ ಆಗಸ್ಟ್ 15ರಿಂದ.

ಇನ್ನು ದೇಶದ ಅತ್ಯುನ್ನತ ಹುದ್ದೆ ಅಂದ್ರೆ ಅದು ಪ್ರಧಾನಿದೇ ಅಲ್ಲ. ಇದನ್ನ ಮಕ್ಕಳಿಗೆ ಹೇಳೋಕೆ ನನ್ನ ಅಜ್ಜಿ ಡಬ್ಬೀಲಿದ್ದ 1947ರ ಒಂದು ರೂಪಾಯಿ ನಾಣ್ಯ ಕೈಗೆ ಕೊಡ್ತೀನಿ. ಒಂದು ಕಡೆ ಹುಲಿ, ಇನ್ನೊಂದು ಕಡೆ ಕಿರೀಟ ಹಾಕಿದ ಬ್ರಿಟಿಷ್ ರಾಜ ಆರನೇ ಜಾರ್ಜ್ ತಲೆ. ಸ್ವಾತಂತ್ರ್ಯ ಬಂದ್ಮೇಲೂ ಇದೇ ನಡೀತಿತ್ತು, ಯಾಕಂದ್ರೆ ಆಗ ನಾವು ಡೊಮಿನಿಯನ್, ಅಂದ್ರೆ ಸರ್ಕಾರ ನಮ್ಮದೇ ಆದ್ರೂ ರಾಜ ಇನ್ನೂ ಅವರೇ, ಅವರ ಪರವಾಗಿ ಇಲ್ಲಿ ಗವರ್ನರ್ ಜನರಲ್ ಆಗಿ ಮೊದಲು ಮೌಂಟ್‌ಬ್ಯಾಟನ್, 1948ರ ಜೂನಿಂದ ರಾಜಾಜಿ. ಸಾರನಾಥದ ಸಿಂಹ ನಾಣ್ಯಕ್ಕೆ ಬಂದಿದ್ದು 1950ರಲ್ಲಿ. ಅದೇ ವರ್ಷ ಜನವರಿ 24ಕ್ಕೆ ಸಂವಿಧಾನ ಸಭೆ ರಾಜೇಂದ್ರ ಪ್ರಸಾದರನ್ನ ರಾಷ್ಟ್ರಪತಿಯಾಗಿ ಅವಿರೋಧವಾಗಿ ಆರಿಸ್ತು, 26ಕ್ಕೆ ಪ್ರಮಾಣವಚನ. ನಾಣ್ಯ ಕೈಯಿಂದ ಕೈಗೆ ಹೋಗ್ತಾ ಇದ್ದ ಹಾಗೆ ಮಕ್ಕಳಿಗೆ ತಾವಾಗೇ ಅರ್ಥ ಆಗುತ್ತೆ, ನಾನು ಜಾಸ್ತಿ ಮಾತಾಡ್ಬೇಕಾಗಿಲ್ಲ.

ನಮ್ಮ ರಾಜ್ಯದ್ದೂ ಇದೇ ಕಥೆ ನೋಡಿ. ಮೊದಲ ಮುಖ್ಯಮಂತ್ರಿ ಅಂದ್ರೆ ಕೆ.ಸಿ. ರೆಡ್ಡಿ ಅಂತಾರೆ, ಅವರು 1947ರಲ್ಲಿ ಹಳೇ ಮೈಸೂರಿಗೆ, ಏಕೀಕರಣ ಆದ 1956ರ ನವೆಂಬರ್ 1ಕ್ಕೆ ನಿಜಲಿಂಗಪ್ಪ, ಹೆಸರು ಕರ್ನಾಟಕ ಅಂತ ಆದ 1973ಕ್ಕೆ ದೇವರಾಜ ಅರಸು. ಈಗ ಯಾವ ಪ್ರಶ್ನೆ ಬರೆದ್ರೂ ಹುದ್ದೆ, ವರ್ಷ, ಕಾನೂನು ಮೂರನ್ನೂ ಪ್ರಶ್ನೆ ಒಳಗೇ ಹಾಕ್ತೀನಿ, ಉದ್ದ ಆದ್ರೂ ಪರವಾಗಿಲ್ಲ.

ಆ ಚಾರ್ಟ್ ಎತ್ಕೊಂಡು ಆ ಹುಡುಗನ ಶಾಲೆಗೆ ಹೋದೆ. ಅವನ ಉತ್ತರ ಯಾವ ಸಾಲಲ್ಲಿ ಸರಿ, ಯಾವ ಸಾಲಲ್ಲಿ ಅಲ್ಲ ಅಂತ ಅವನ ಕ್ಲಾಸ್ ಮುಂದೆನೇ ತೋರಿಸ್ದೆ. ಕಾಬೂಲಿನ ಅಧ್ಯಕ್ಷರಾಗಿದ್ದ ಮಹೇಂದ್ರ ಪ್ರತಾಪ್ 1957ರಲ್ಲಿ ಮಥುರಾದಿಂದ ಪಕ್ಷೇತರರಾಗಿ ಗೆದ್ದು ಲೋಕಸಭೇಲಿ ಕೂತ್ರು, ಆಗ ಪ್ರಧಾನಿ ನೆಹರು, ರಾಷ್ಟ್ರಪತಿ ರಾಜೇಂದ್ರ ಪ್ರಸಾದ್ ಅಂದಾಗ ಹಿಂದಿನ ಬೆಂಚೂ ಸುಮ್ಮನಾಯ್ತು. ಹುಡುಗ ಎದ್ದು ಬಂದು ಬರ್ಕತುಲ್ಲಾ ಹೆಸರಿನ ಮೇಲೆ ಬೆರಳಿಟ್ಟು, ಇವರು ಏನಾದ್ರು ಸಾರ್ ಅಂದ. 1927ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ತೀರ್ಕೊಂಡ್ರು ಕಣಪ್ಪ, ಸ್ಯಾಕ್ರಮೆಂಟೋದಲ್ಲಿ ಮಣ್ಣು ಮಾಡಿದ್ರು ಅಂದೆ. ಊರಿನ ಸ್ಪೆಲ್ಲಿಂಗ್ ಕೇಳಿ ನೋಟ್‌ಬುಕ್ಕಲ್ಲಿ ಬರ್ಕೊಂಡ.