ಸಿಮೆಂಟ್ ಗೋಡೆಯ ಮೇಲೂ ಹಸೆ ಚಿತ್ತಾರ ನಿಂತಿತು

ಮದುವೆಮನೆಯಲ್ಲಿ ಮದುಮಕ್ಕಳು ಕೂರುವ ಹಸೆಗೋಡೆಗೆ ಕೆಮ್ಮಣ್ಣು ಬಳಿದು ಬರೆಯೋದೇ ಹಸೆ ಚಿತ್ತಾರ. ಪೇಂಟ್ ಹೊಡೆದ ಗೋಡೆ ಕೆಮ್ಮಣ್ಣು ಹಿಡಿಯೋದಿಲ್ಲ, ಹಸೆಗೋಡೆಗೆ ಫ್ಲೆಕ್ಸ್ ಕಟ್ಟಿ ಸಾಕು ಎಂದವರೇ ಜಾಸ್ತಿ. ಮಲೆನಾಡಿನ ಸಾಗರ ಸೀಮೆಯ ನಮ್ಮ ದೀವರ ಸಮುದಾಯದ ಕೇರಿಗಳಲ್ಲಿ ಮಣ್ಣಿನ ಗೋಡೆ ಈಗ ಅಪರೂಪ. ಆದರೂ ವೈಶಾಖದ ಮದುವೆಗೆ ನಾನು ಬರೆದ ಹಸೆ ದೀಪಾವಳಿ ಕಳೆದರೂ ಒಂದೆಳೆ ಉದುರಿಲ್ಲ.

ಮೊದಲು ಎಮಲ್ಷನ್ ಪೇಂಟಿನ ಮೇಲೆ ನೇರ ಬಳಿದ ಕೆಮ್ಮಣ್ಣು ಒಣಗಿದ ಕೂಡಲೇ ಹಕ್ಕಳೆ ಎದ್ದು ಬಿತ್ತು. ಅಂಗಡಿಯ ಅಂಟು ಬೆರೆಸಿದರೆ ಮಣ್ಣು ಕೂತಿತು, ಆದರೆ ಅಸಹ್ಯ ಹೊಳಪು. ಅದರ ಮೇಲೆ ಪುಂಡಿನಾರಿನ ಕುಂಚ ಜಾರುತ್ತದೆ, ಎಳೆ ನೇರ ಬರೋದಿಲ್ಲ. ಕೊನೆಗೆ ಪೇಂಟನ್ನು ಅಡಿಯ ಪುಟ್ಟಿ ಸಮೇತ ಕೆರೆಸಿದೆ. ಸುಣ್ಣ ಒಂದು ಕೈ, ಮೇಲೆ ಗಂಜಿ ಹಾಕಿದ ಕೆಮ್ಮಣ್ಣು ಎರಡು ಕೈ. ಗಂಜಿಗೆ ಒಂದು ಕಾಯಿಯ ಅಂಟೂ ಸೇರುತ್ತದೆ. ಅದು ಯಾವ ಕಾಯಿ ಅಂತ ಸೊಸೆಗೆ ಬಿಟ್ಟು ಯಾರಿಗೂ ಹೇಳಿಲ್ಲ.

ನಡುವೆ ಅಡಿಕೆ ಹಾಳೆಯ ಮೇಲೂ ಬರೆದು ನೋಡಿದೆ. ಹಾಳೆ ಮುರುಟಿದಂತೆ ಬಣ್ಣ ಸೀಳುತ್ತಿತ್ತು. ಭೂಮಿ ಹುಣ್ಣಿಮೆಗೆ ಗದ್ದೆಗೆ ಎಡೆ ಒಯ್ಯುವ, ಚಿತ್ತಾರ ಬರೆದ ಭೂಮಣ್ಣಿ ಬುಟ್ಟಿ ಮಾತ್ರ ಎಷ್ಟು ಬಳುಕಿದರೂ ಚಿತ್ತಾರ ಬಿಡೋದಿಲ್ಲ, ಅಡಿಯಲ್ಲಿ ಸಗಣಿ ಇದೆಯಲ್ಲ! ಅಂದಿನಿಂದ ಗೋಡೆಯ ಮೊದಲ ಕೈ ಕೆಮ್ಮಣ್ಣಿಗೂ ಸಗಣಿ ಸೇರಿತು. ಗೋಡೆಯ ಮಣ್ಣು ಬಿರುಕು ಬಿಡೋದು ನಿಂತದ್ದು ಅಲ್ಲಿಗೆ. ಅಕ್ಕಿಯ ಬಿಳಿಗೆ ಆಷಾಢದಲ್ಲಿ ಬೂಷ್ಟು ಬರುತ್ತಿತ್ತು, ಸುಣ್ಣದ ತಿಳಿಯಲ್ಲಿ ಅರೆದ ಮೇಲೆ ಅದೂ ಇಲ್ಲ. ಸುಟ್ಟಕ್ಕಿಯ ಕಪ್ಪು, ಗುರಿಗೆ ಕಾಯಿಯ ಹಳದಿ ನಮ್ಮಜ್ಜಿ ಮಾಡಿದ ಹಾಗೇ.

ದುಡ್ಡಿನ ಮಾತು. ಸಾಮಾನು, ಕೆರೆಯುವ ಆಳು ಸೇರಿ ಒಂದೂವರೆ ಸಾವಿರದ ಆಸುಪಾಸು. ನಾನು ಕೇಳೋದು ಏಳು ಸಾವಿರ. ಜತೆಯ ಹೆಂಗಸರಿಗೆ ಕೊಟ್ಟು ನನಗೆ ಮೂರು ಉಳಿದರೆ ಹೆಚ್ಚು. ಇದೇ ಎಳೆಗಳನ್ನು ಬಟ್ಟೆಯ ಮೇಲೆ ಬರೆದು ಫ್ರೇಮ್ ಹಾಕಿಸಿದರೆ ಬೆಂಗಳೂರಿನ ಮೇಳದಲ್ಲಿ ಹತ್ತು, ಹನ್ನೆರಡು ಸಾವಿರಕ್ಕೆ ಹೋಗುತ್ತದೆ. ಹೋಗಿದೆ ಕೂಡ. ಗೋಡೆಯ ಕೆಲಸ ಯಾಕೆ ಕಟ್ಟಿಕೊಂಡೆ ಅಂತ ನಮ್ಮ ಮನೆಯವರೇ ಕೇಳಿದರು.

ಮೇಳದಲ್ಲಿ ಕೊಳ್ಳುವವರು ಇದರ ಅರ್ಥವೇನು ಅಂತ ಕೇಳುತ್ತಾರೆ. ಮದುವೆಮನೆಯಲ್ಲಿ ಯಾರೂ ಕೇಳೋದಿಲ್ಲ, ಮದುಮಕ್ಕಳನ್ನು ಕರೆತಂದು ಅದರ ಮುಂದೆ ಕೂರಿಸುತ್ತಾರೆ. ಚಿತ್ತಾರ ಇರೋದೇ ಅದಕ್ಕೆ. ಬರೆಯುವವಳ ಹೆಸರು ಗೋಡೆಯ ಮೇಲೆ ಬೇಕಿಲ್ಲ. ಅವಳು ಆ ಮನೆಗೆ ಹೋಗಬೇಕು, ಹಾಡುತ್ತಾ ಬರೆಯಬೇಕು, ಪಕ್ಕದಲ್ಲಿ ಕೂತ ಹುಡುಗಿಯ ಕೈಗೆ ಕುಂಚ ಕೊಡಬೇಕು. ಫ್ರೇಮಿನ ದುಡ್ಡು ನನಗೂ ಬೇಕು, ಬಿಟ್ಟಿಲ್ಲ. ಆದರೆ ಗೋಡೆ ಬಿಟ್ಟರೆ ಫ್ರೇಮಿಗೆ ಬರೆಯಲು ನನ್ನ ಹತ್ತಿರ ಏನೂ ಉಳಿಯೋದಿಲ್ಲ.

ಫ್ಲೆಕ್ಸ್ ಸಾಕು ಎಂದಿದ್ದ ಒಂದು ಮನೆಯವರೇ ಮುಂದಿನ ವೈಶಾಖಕ್ಕೆ ಹೇಳಿಹೋಗಿದ್ದಾರೆ. ಹೊಸ ಮನೆ ಕಟ್ಟಿಸುತ್ತಿದ್ದಾರೆ, ನಡುಮನೆಯ ಒಂದು ಗೋಡೆಗೆ ಪುಟ್ಟಿ ಹಾಕಬೇಡ ಅಂತ ಮೇಸ್ತ್ರಿಗೆ ಈಗಲೇ ತಾಕೀತು ಮಾಡಿದ್ದಾರೆ.