ನಿಲ್ಲಲು ಜಾಗ ಎಲ್ಲಿ ಸಿಗುತ್ತೆ ಅನ್ನೋದೇ ನನ್ನ ಲೆನ್ಸ್ ಲೆಕ್ಕ

ಮದುವೆ ಫೋಟೋಗ್ರಫಿಗೆ ಯಾವ ಲೆನ್ಸ್ ತಗೊಳ್ಳಲಿ ಅಂತ ಕೇಳಿಕೊಂಡು ಬರುವ ಹುಡುಗರಿಗೆ ನಾನು ಮೊದಲು ಕೇಳುವ ಪ್ರಶ್ನೆ ಒಂದೇ. ತಾಳಿ ಕಟ್ಟುವಾಗ ನೀನು ಎಲ್ಲಿ ನಿಂತಿರ್ತೀಯಾ? ಶಾರ್ಪ್‌ನೆಸ್, ಬೊಕೆ (ಹಿನ್ನೆಲೆಯ ಮಸುಕು), ಆನ್‌ಲೈನ್ ರೇಟು ಎಲ್ಲಾ ಅವರಿಗೆ ಬಾಯಿಪಾಠ ಇರುತ್ತದೆ. ಇದಕ್ಕೆ ಮಾತ್ರ ಉತ್ತರ ಇರಲ್ಲ.

ನಾನು ದಾವಣಗೆರೆಯವನು. ಹರಿಹರ, ಚನ್ನಗಿರಿ, ಜಗಳೂರು, ಆ ಕಡೆ ಹೊಳಲ್ಕೆರೆ, ಚಿತ್ರದುರ್ಗದವರೆಗೂ ಮದುವೆ ತೆಗೆಯಲು ಹೋಗುತ್ತೇನೆ. ನಮ್ಮ ಕಡೆ ಮುಹೂರ್ತದ ಹೊತ್ತಿಗೆ ಮಂಟಪ ಹೇಗಿರುತ್ತೆ ಅಂತ ಗೊತ್ತಲ್ವಾ? ಮಂತ್ರ ಹೇಳುವ ಅಯ್ನೋರು, ಎರಡೂ ಕಡೆಯ ತಂದೆ ತಾಯಿ, ಸೋದರಮಾವ, ಕಳಶ ಹಿಡಿದ ಅಕ್ಕ, ವಿಡಿಯೋದವರು, ಅವರ ಲೈಟ್ ಹಿಡಿದ ಹುಡುಗ. ಇವರೆಲ್ಲರ ಸಂದಿಯಲ್ಲಿ ಮೊಬೈಲ್ ಎತ್ತಿ ಹಿಡಿದ ಹತ್ತು ಕೈ. "ಗಟ್ಟಿಮೇಳ" ಅಂದ ತಕ್ಷಣ ಈ ಗುಂಪು ಇನ್ನೂ ಎರಡು ಹೆಜ್ಜೆ ಒಳಗೆ ನುಗ್ಗುತ್ತದೆ. ಫೋಟೋದವನಿಗೆ ಉಳಿಯುವುದು ಮಂಟಪದ ಕಂಬದ ಪಕ್ಕ ಒಂದು ಮೂಲೆ. ಅಲ್ಲಿಂದ ಹೆಣ್ಣಿನ ಮುಖಕ್ಕೆ ಆರೇಳು ಅಡಿ. ಆ ಜಾಗ ಬಿಟ್ಟರೆ ಸ್ಟೇಜಿನಿಂದ ಕೆಳಗೆ ಇಳಿಯಬೇಕು. ಆಗ ಒಂದೇ ಸಲಕ್ಕೆ 30 ಅಡಿ ದೂರ. ನಡುವೆ ಎಲ್ಲೂ ಜಾಗ ಇಲ್ಲ.

ಈಗ ಈ ಅಳತೆಗೆ ಲೆನ್ಸ್ ಹೊಂದಿಸಿ ನೋಡಿ. ಎಂಎಂ ಸಂಖ್ಯೆ ಹೆಚ್ಚಿದಷ್ಟೂ ಲೆನ್ಸ್ ಹಿಡಿಯುವ ಜಾಗ ಕಿರಿದಾಗುತ್ತದೆ. ಫುಲ್ ಫ್ರೇಮ್, ಅಂದರೆ ದೊಡ್ಡ ಸೆನ್ಸರ್ (ಚಿತ್ರ ಹಿಡಿಯುವ ಭಾಗ) ಇರುವ ಕ್ಯಾಮೆರಾವನ್ನು ನಿಲುವಾಗಿ ಹಿಡಿದು, ನಿಂತಿರುವ ಒಬ್ಬರನ್ನು ತಲೆಯಿಂದ ಪಾದದವರೆಗೆ ತೆಗೆಯಬೇಕು ಅಂದರೆ 35 ಎಂಎಂ ಲೆನ್ಸಿಗೆ ಸುಮಾರು 7 ಅಡಿ ದೂರ ಬೇಕು. 50ಕ್ಕೆ ಸುಮಾರು 10 ಅಡಿ. 85ಕ್ಕೆ 16 ಅಡಿ. ಅದೇ 85ನ್ನು ಕ್ರಾಪ್ ಸೆನ್ಸರ್, ಅಂದರೆ ಚಿಕ್ಕ ಸೆನ್ಸರ್ ಇರುವ ಕ್ಯಾಮೆರಾಗೆ ಹಾಕಿದರೆ 25 ಅಡಿ ಹಿಂದೆ ಹೋಗಬೇಕು. ಯೂಟ್ಯೂಬ್ ನೋಡಿ ಎಲ್ಲರೂ ಮೊದಲು ಆಸೆಪಡುವುದು 85ಕ್ಕೇ. ಒಳ್ಳೆ ಲೆನ್ಸ್, ನನ್ನ ಹತ್ತಿರವೂ ಇದೆ. ಆದರೆ ಕಂಬದ ಮೂಲೆಯಲ್ಲಿ ಅದು ಒಂದು ಮುಖ ಹಿಡಿಯುತ್ತದೆ, ಅಷ್ಟೇ. ತಾಳಿ ಕಟ್ಟುವ ಕೈ, ತಲೆ ತಗ್ಗಿಸಿದ ಹೆಣ್ಣು, ಹಿಂದೆ ಕಣ್ಣೊರೆಸಿಕೊಳ್ಳುವ ಅಮ್ಮ, ಮೂರೂ ಒಂದೇ ಫ್ರೇಮಿನಲ್ಲಿ ಬೇಕು ಅಂದರೆ 35 ಬೇಕು.

ಹಾಗಾಗಿ ಮುಹೂರ್ತಕ್ಕೆ ನನ್ನ ಎಡ ಹೆಗಲಿನ ಕ್ಯಾಮೆರಾದಲ್ಲಿ 35, ಬಲ ಹೆಗಲಿನದರಲ್ಲಿ 85. ಆ ಹೊತ್ತಿನಲ್ಲಿ ಲೆನ್ಸ್ ಬಿಚ್ಚಿ ಹಾಕುವ ಮಾತೇ ಇಲ್ಲ. ಅಕ್ಕಿಕಾಳು ಬೀಳುವಾಗ ಕ್ಯಾಮೆರಾದ ಬಾಯಿ ತೆರೆದರೆ ಸೆನ್ಸರ್ ಮೇಲೇ ಅಕ್ಷತೆ ಹಾಕಿಸಿಕೊಂಡಂತೆ. ಲೆನ್ಸ್ ಮುಂದೆ ಯುವಿ ಫಿಲ್ಟರ್ ಅನ್ನೋ ಗಾಜು ಬೇಕಾ ಬೇಡ್ವಾ ಅಂತ ವಾದ ಮಾಡುವವರು ಒಂದು ಸಲ ನಮ್ಮ ಕಡೆಯ ಮುಹೂರ್ತದಲ್ಲಿ ಮುಂದೆ ನಿಂತು ನೋಡಬೇಕು. ಹಿಂದಿನ ಸಾಲಿನಿಂದ ಬೀಸಿ ಎಸೆದ ಅಕ್ಕಿ ಗಾಜಿಗೆ ಟಪ ಟಪ ಅಂತ ಹೊಡೆಯುತ್ತದೆ. ನಾನು ಫಿಲ್ಟರ್ ಹಾಕುತ್ತೇನೆ, ಲೆನ್ಸ್ ತುದಿಗೆ ಹುಡ್ (ನೆರಳು ಕೊಡುವ ಬಳೆ) ಕೂಡ ಹಾಕುತ್ತೇನೆ.

ಅಪರ್ಚರ್, ಅಂದರೆ ಲೆನ್ಸ್ ಒಳಗೆ ಬೆಳಕು ಬರುವ ಕಂಡಿ, ಅದರ ವಿಷಯದಲ್ಲಿ ಸ್ವಲ್ಪ ಹುಷಾರಾಗಿರಬೇಕು. ಎಫ್ ಸಂಖ್ಯೆ ಚಿಕ್ಕದಾದಷ್ಟೂ ಕಂಡಿ ದೊಡ್ಡದು. ಎಫ್ 1.8 ಲೆನ್ಸ್ ಇದೆ ಅಂತ ಎಲ್ಲಾ ಕಡೆ 1.8ರಲ್ಲೇ ತೆಗೆಯುವುದಲ್ಲ. 85ರಲ್ಲಿ ಎಂಟು ಅಡಿ ದೂರದಿಂದ 1.8ಕ್ಕೆ ತೆಗೆದರೆ ಫೋಕಸ್ ಇರುವ ಆಳ ಹೆಚ್ಚೂ ಕಡಿಮೆ ಮೂರೂವರೆ ಇಂಚು. ತಾಳಿ ಕಟ್ಟುವಾಗ ಗಂಡು ಪಕ್ಕದಿಂದ ಬಾಗಿರುತ್ತಾನೆ, ಅವನ ಮುಖ ಹೆಣ್ಣಿನ ಮುಖಕ್ಕಿಂತ ಒಂದು ಗೇಣು ಹಿಂದೆ. ಅವಳ ಕಣ್ಣು ಚೆನ್ನಾಗಿ ಬಂದಿರುತ್ತದೆ, ಅವನ ಮುಖ ಮಾತ್ರ ಮಸುಕು. ಗಂಡಿನ ಕಡೆಯವರು ಸುಮ್ನೆ ಬಿಡ್ತಾರಾ? ಅದಕ್ಕೇ ಇಬ್ಬರು ಇರುವ ಕಡೆ ನಾನು 2.8ರಿಂದ 4ರ ನಡುವೆ ಇರುತ್ತೇನೆ.

ಇನ್ನೊಂದು ತಾಪತ್ರಯ ಬಾಸಿಂಗ. ಈಗಿನ ಕ್ಯಾಮೆರಾಗಳು ಕಣ್ಣನ್ನು ತಾವೇ ಹುಡುಕಿ ಫೋಕಸ್ ಮಾಡುತ್ತವೆ, ತುಂಬಾ ಅನುಕೂಲ. ಆದರೆ ಹಣೆಯಿಂದ ಇಳಿಬಿದ್ದ ಮುತ್ತಿನ ಎಳೆಗಳು ಮುಖದ ಮುಂದೆ ಓಲಾಡುತ್ತಿದ್ದರೆ ಫೋಕಸ್ ಎಷ್ಟೋ ಸಲ ಅದರ ಮೇಲೇ ಕೂತುಬಿಡುತ್ತದೆ. ಆಗ ಒಂದೇ ಫೋಕಸ್ ಪಾಯಿಂಟ್ ಇಟ್ಟುಕೊಂಡು ಕೆನ್ನೆಯ ಅಂಚಿಗೆ ಹಿಡಿಯುವುದು ನನ್ನ ರೂಢಿ. ನೇರ ಫ್ಲಾಶ್ ಹೊಡೆದರೆ ಅದೇ ಬಾಸಿಂಗದ ಜರಿ ಕಾಗದ ಬೆಳ್ಳಗೆ ಸಿಡಿದು ಮುಖವನ್ನೇ ನುಂಗುತ್ತದೆ. ಲೈಟ್ ಪಕ್ಕದಿಂದ ಬಂದರೆ ಅರ್ಧ ಸಮಸ್ಯೆ ಅಲ್ಲೇ ಮುಗಿಯಿತು.

ಈ ಲೈಟಿನ ವಿಷಯಕ್ಕೆ ನಾನು ಸ್ವಲ್ಪ ಜಾಸ್ತಿ ಹೇಳುತ್ತೇನೆ. ನನ್ನ ಲೆಕ್ಕದಲ್ಲಿ ದುಬಾರಿ ಲೆನ್ಸಿಗಿಂತ ಮೊದಲು ಎರಡು ಫ್ಲಾಶ್, ಒಂದು ಟ್ರಿಗರ್ (ದೂರದ ಫ್ಲಾಶನ್ನು ಕ್ಯಾಮೆರಾದಿಂದಲೇ ಹೊಡೆಸುವುದು), ಎರಡು ಸ್ಟ್ಯಾಂಡ್ ಬರಬೇಕು. ಕ್ಯಾಮೆರಾ ಜೊತೆಗೇ ಬರುವ 18-55 ಲೆನ್ಸ್ ಜೂಮ್ ಮಾಡಿದಾಗ ಎಫ್ 5.6ಕ್ಕೆ ಇಳಿಯುತ್ತದೆ. ಎಫ್ 1.8ರ 50 ಎಂಎಂ ಅದಕ್ಕಿಂತ ಹತ್ತಿರ ಹತ್ತಿರ ಹತ್ತು ಪಟ್ಟು ಬೆಳಕು ಒಳಗೆ ಬಿಡುತ್ತದೆ. ಅದಕ್ಕೇ ಶುರು ಮಾಡುವವರಿಗೆ ಆ ಅಗ್ಗದ 50 ಬೇಕೇ ಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಅಲ್ಲಿಂದ ಮುಂದೆ 1.8ರಿಂದ 1.4ಕ್ಕೆ ಹೋಗಲು ಎಷ್ಟೋ ಪಟ್ಟು ದುಡ್ಡು ಕೊಟ್ಟರೆ ಸಿಗುವ ಬೆಳಕು ಒಂದೂವರೆ ಪಟ್ಟು ಚಿಲ್ಲರೆ ಅಷ್ಟೇ. ಅದೇ ದುಡ್ಡಿಗೆ ಬರುವ ಫ್ಲಾಶ್ ಇಡೀ ಮಂಟಪವನ್ನೇ ಬೆಳಗುತ್ತದೆ.

ನಮ್ಮ ಕಲ್ಯಾಣ ಮಂಟಪಗಳಲ್ಲಿ ಫ್ಲಾಶನ್ನು ಸೀಲಿಂಗಿಗೆ ಹೊಡೆಯುವ ಉಪಾಯ ಎಲ್ಲಾ ಕಡೆ ನಡೆಯಲ್ಲ. ದೊಡ್ಡ ಹಾಲ್‌ಗಳಲ್ಲಿ ಸೀಲಿಂಗ್ ಎಷ್ಟು ಎತ್ತರ ಅಂದರೆ ಬೆಳಕು ಮೇಲೆ ಹೋಗಿ ಕೆಳಗೆ ಬರುವಷ್ಟರಲ್ಲಿ ಸೊರಗಿರುತ್ತದೆ. ಹಳ್ಳಿ ಮದುವೆಗೆ ಹೋದರೆ ಮೇಲೆ ಕೆಂಪು, ಹಳದಿ ಶಾಮಿಯಾನ. ಅದಕ್ಕೆ ಹೊಡೆದು ಬಂದ ಬೆಳಕಲ್ಲಿ ಎಲ್ಲರೂ ಅರಿಶಿಣ ಶಾಸ್ತ್ರ ಮುಗಿಸಿ ಬಂದವರಂತೆ ಕಾಣುತ್ತಾರೆ. ನಾನು ಸ್ಟೇಜಿನ ಎರಡು ಮೂಲೆಗೆ ಎರಡು ಸ್ಟ್ಯಾಂಡ್ ಇಟ್ಟು, ಜನರ ತಲೆಗಿಂತ ಮೇಲೆ ಬರುವ ಹಾಗೆ ಫ್ಲಾಶ್ ಏರಿಸುತ್ತೇನೆ. ದೂರ ಇಡಬಾರದು. ಎಂಟು ಅಡಿಯಲ್ಲಿದ್ದ ಲೈಟನ್ನು 16 ಅಡಿಗೆ ಸರಿಸಿದರೆ ಬೆಳಕು ಅರ್ಧ ಆಗಲ್ಲ, ಕಾಲು ಭಾಗ ಆಗುತ್ತದೆ. ಡೆಕೊರೇಷನ್‌ನವರ ಹತ್ತಿರ ಬೆಳಿಗ್ಗೆಯೇ ಮಾತಾಡಿ ಮೂಲೆ ಗಿಟ್ಟಿಸಿಕೊಳ್ಳಬೇಕು. ಆಮೇಲೆ ಕೇಳಿದರೆ "ಅಲ್ಲಿ ಹೂವಿನ ಸ್ಟ್ಯಾಂಡ್ ಬರುತ್ತೆ ಅಣ್ಣಾ" ಅಂತಾರೆ. ಸ್ಟ್ಯಾಂಡಿನ ಕಾಲಿಗೆ ಐದು ಲೀಟರಿನ ನೀರಿನ ಕ್ಯಾನ್ ಕಟ್ಟುತ್ತೇನೆ. ಮುಹೂರ್ತ ಮುಗಿದ ಮೇಲೆ ಸ್ಟೇಜ್ ತುಂಬಾ ಅಕ್ಕಿ. ಬರಿಗಾಲಲ್ಲಿ ಓಡಾಡುವ ಮಕ್ಕಳು ಜಾರಿ ಸ್ಟ್ಯಾಂಡ್ ಹಿಡಿದುಕೊಂಡರೆ ಕಷ್ಟ.

ಫ್ಲಾಶ್ ತಗೊಳ್ಳುವಾಗ ಲಿಥಿಯಂ ಬ್ಯಾಟರಿ ಇರುವುದನ್ನೇ ತಗೊಳ್ಳಿ. ಗೋಡಾಕ್ಸ್ ವಿ860 ತರಹದ್ದು. ನಾಲ್ಕು ಪೆನ್ಸಿಲ್ ಸೆಲ್ಲಿನ ಫ್ಲಾಶ್ ಅಗ್ಗ, ಆದರೆ ರಿಸೆಪ್ಷನ್ ಸಾಲು ಶುರುವಾದರೆ ಸೆಲ್ ಬದಲಾಯಿಸುವುದೇ ಕೆಲಸ. ಎರಡು ಹೊಡೆತದ ನಡುವೆ ಅದು ಚಾರ್ಜ್ ಆಗುವ ತನಕ ಕಾಯಬೇಕು. ಸಾಲಲ್ಲಿ ನಿಂತವರಿಗೆ ಬೆಣ್ಣೆ ಹಾಕಿದ ಊಟ ಕಾಯುತ್ತಿರುತ್ತದೆ, ನಿಮ್ಮನ್ನು ಅವರು ಕಾಯಲ್ಲ.

ಈಗ ಎಲ್ಲಾ ರಿಸೆಪ್ಷನ್ನಿಗೂ ಹಿಂದೆ ಎಲ್‌ಇಡಿ ವಾಲ್, ಮೇಲೆ ನೀಲಿ ನೇರಳೆ ಪಾರ್ ಲೈಟ್. ಫೋಟೋದಲ್ಲಿ ಅಡ್ಡ ಪಟ್ಟಿ ಬಂದರೆ ಹುಡುಗರು ಕ್ಯಾಮೆರಾ ಕೆಟ್ಟಿದೆ ಅಂದುಕೊಳ್ಳುತ್ತಾರೆ. ನಮ್ಮ ಕರೆಂಟ್ 50 ಹರ್ಟ್ಸ್. ಅದರ ಮೇಲೆ ಉರಿಯುವ ಎಷ್ಟೋ ಲೈಟು ಸೆಕೆಂಡಿಗೆ 100 ಸಲ ಮಿನುಗುತ್ತವೆ. ಶಟರ್, ಅಂದರೆ ಬೆಳಕಿಗೆ ತೆರೆದು ಮುಚ್ಚುವ ಬಾಗಿಲು, ಅದಕ್ಕಿಂತ ಜೋರಾಗಿ ಓಡಿದರೆ ಪಟ್ಟಿ ಕಾಣುತ್ತದೆ. 1/100 ಸೆಕೆಂಡಿಗೆ ಇಳಿಸಿದರೆ ಹೆಚ್ಚಿನ ಕಡೆ ಹೋಗುತ್ತದೆ. ಸೈಲೆಂಟ್ ಶಟರ್ ಹಾಕಿಕೊಂಡಿದ್ದರೆ ಪಟ್ಟಿ ಇನ್ನೂ ಜಾಸ್ತಿ, ಅದನ್ನು ಮದುವೆ ಹಾಲ್‌ನಲ್ಲಿ ಆಫ್ ಮಾಡಿಬಿಡಿ. ಎಲ್‌ಇಡಿ ವಾಲ್‌ನ ಮಿನುಗು ಬೇರೆ ಲೆಕ್ಕದ್ದು. ಅದಕ್ಕೆ ಜೋಡಿ ಬರುವ ಮೊದಲೇ ಖಾಲಿ ಸ್ಟೇಜಿನ ಫೋಟೋ ತೆಗೆದು, ಶಟರ್ ಒಂದೊಂದೇ ಹೆಜ್ಜೆ ಬದಲಾಯಿಸಿ ನೋಡಬೇಕು. ನೇರಳೆ ಲೈಟಿಗೆ ಮಾತ್ರ ಯಾವ ಲೆನ್ಸೂ ಮದ್ದಲ್ಲ. ಲೈಟಿನವನ ಹತ್ತಿರ ಹೋಗಿ "ಗುರೂ, ಜೋಡಿ ಮುಖದ ಮೇಲೆ ಬಿಳಿ ಬಿಡಪ್ಪಾ" ಅಂತ ಒಂದು ಟೀ ಕುಡಿಸಿ ಹೇಳುವುದೇ ಪರಿಹಾರ.

ಸ್ಟೇಜಿನ ಗುಂಪು ಫೋಟೋಗೆ 24ರಿಂದ 70 ಎಂಎಂವರೆಗೆ ಜೂಮ್ ಆಗುವ 24-70, ಎಫ್ 2.8. ಇದು ಮದುವೆಯ ದುಡಿಯುವ ಎತ್ತು. ನಾನು ತಗೊಂಡದ್ದು ಸೆಕೆಂಡ್ ಹ್ಯಾಂಡ್. ಈ ಲೆನ್ಸಿನಲ್ಲಿ 24 ಇದೆ ಅಂತ ಹತ್ತಿರ ನಿಂತು 24ರಲ್ಲಿ ಗುಂಪು ತೆಗೆಯುವವರನ್ನು ನೋಡಿದರೆ ನನಗೆ ಸಂಕಟ ಆಗುತ್ತದೆ. ಫ್ರೇಮಿನ ಅಂಚಿನಲ್ಲಿ ಇರುವವರು ಅಗಲಕ್ಕೆ ಎಳೆದಂತೆ ಬರುತ್ತಾರೆ. ಆಲ್ಬಮ್ ಕೈಗೆ ಬಂದ ದಿನ "ಇದೇನಪ್ಪಾ, ನನ್ನ ತೋಳು ಹಿಂಗೈತೆ" ಅಂತ ಯಾರೋ ಒಬ್ಬ ಅತ್ತೆ ಕೇಳಿಯೇ ಕೇಳುತ್ತಾರೆ. ನಾಲ್ಕು ಹೆಜ್ಜೆ ಹಿಂದೆ ಹೋಗಿ 35ರಿಂದ 50ರ ನಡುವೆ ತೆಗೆಯಿರಿ. ಎರಡು ಸಾಲು ನಿಂತಿದ್ದರೆ ಎಫ್ 5.6. ಸೋನಿ ಕ್ಯಾಮೆರಾ ಇರುವವರಿಗೆ ಟ್ಯಾಮ್ರಾನ್ ಕಂಪನಿಯ 28-75 ಒಳ್ಳೆ ದಾರಿ. ಅರ್ಧ ಕೆಜಿಗಿಂತ ಸ್ವಲ್ಪ ಜಾಸ್ತಿ ತೂಕ. ರಾತ್ರಿ ಊಟದ ಹೊತ್ತಿಗೆ ಭುಜಕ್ಕೆ ವ್ಯತ್ಯಾಸ ಗೊತ್ತಾಗುತ್ತದೆ.

70-200ನ್ನು ನಾನು ಇವತ್ತಿಗೂ ಕೊಂಡಿಲ್ಲ, ಬಾಡಿಗೆಗೆ ತರುತ್ತೇನೆ. ಹಳೆಯ ಎಫ್ 2.8 ಮಾಡೆಲ್‌ಗಳು ಒಂದೂವರೆ ಕೆಜಿ ತೂಗುತ್ತವೆ. ಸ್ಟೇಜಿನ ಮೇಲೆ ಅದರಿಂದ ಪ್ರಯೋಜನ ಕಡಿಮೆ. ಸ್ಟೇಜಿಗೆ ಹತ್ತಲು ಬಿಡದ ಮದುವೆ ಇರುತ್ತವೆ, ಸ್ವಾಮೀಜಿಗಳ ಸಾನ್ನಿಧ್ಯದಲ್ಲಿ ನಡೆಯುವ ಸಾಮೂಹಿಕ ವಿವಾಹ ಇರುತ್ತವೆ. ಅಂಥ ಕಡೆ ಕುರ್ಚಿ ಸಾಲಿನಿಂದ 30 ಅಡಿ ದೂರದಲ್ಲಿ ನಿಂತು 200ಕ್ಕೆ ಎಳೆದರೆ ಜೋಡಿಯ ಸೊಂಟದಿಂದ ಮೇಲಿನ ಭಾಗ ತುಂಬಿಕೊಂಡು ಬರುತ್ತದೆ. ಆ ದಿನಕ್ಕೆ ಬೇಕು, ಉಳಿದ ದಿನ ಬ್ಯಾಗಿಗೆ ಭಾರ. ಮುಹೂರ್ತ ಜಾಸ್ತಿ ಇರುವ ದಿನ ಬಾಡಿಗೆಗೆ ಸಿಗುವುದು ಕಷ್ಟ, ಡೇಟ್ ಗೊತ್ತಾದ ಕೂಡಲೇ ಹೇಳಿಟ್ಟುಬಿಡಬೇಕು. ತರುವಾಗ ಅಂಗಡಿಯಲ್ಲೇ ನಾಲ್ಕು ಫೋಟೋ ತೆಗೆದು, ಮುಂದಿನ ಗಾಜಿನ ಫೋಟೋವನ್ನೂ ಮೊಬೈಲಲ್ಲಿ ಇಟ್ಟುಕೊಳ್ಳಿ. ಇದ್ದ ಗೀರಿಗೆ ಆಮೇಲೆ ನೀವು ದುಡ್ಡು ಕಟ್ಟುವುದು ಬೇಡ.

ಅದೇ ಲೆನ್ಸ್ ಪ್ರೀ ವೆಡ್ಡಿಂಗ್‌ನಲ್ಲಿ ಬೇರೆಯೇ ಆಟ ಆಡುತ್ತದೆ. ಚಿತ್ರದುರ್ಗದ ಗುಡ್ಡಗಳ ಮೇಲೆ ಗಾಳಿಯಂತ್ರಗಳಿವೆಯಲ್ಲ, ಜೋಡಿಯಿಂದ ಹತ್ತು ಅಡಿಯಲ್ಲಿ ನಿಂತು 35ರಲ್ಲಿ ತೆಗೆದರೆ ಅವು ಹಿಂದೆ ಊದಿನಕಡ್ಡಿಯಷ್ಟು ಕಾಣುತ್ತವೆ. ಜೋಡಿಯನ್ನು ಅಲ್ಲೇ ಬಿಟ್ಟು, ನೀವು ಐವತ್ತು ಅರವತ್ತು ಅಡಿ ಹಿಂದೆ ಬಂದು 200ರಲ್ಲಿ ತೆಗೆಯಿರಿ. ಜೋಡಿಯ ಅಳತೆ ಹೆಚ್ಚು ಕಡಿಮೆ ಅಷ್ಟೇ, ಗಾಳಿಯಂತ್ರ ಮಾತ್ರ ಅವರ ತಲೆ ಮೇಲೆ ಎದ್ದು ನಿಂತಿರುತ್ತದೆ. ದೂರ ಹೋದದ್ದರಿಂದ ಆಗುವ ಕೆಲಸ ಅದು. ಕೋಟೆಯ ಒಳಗೆ ಶೂಟ್ ಮಾಡುವ ಆಸೆ ಎಲ್ಲರಿಗೂ ಇದೆ. ಅದು ಪುರಾತತ್ವ ಇಲಾಖೆ ಕಾಪಾಡುವ ಜಾಗ, ಸಂತೆಬೆನ್ನೂರಿನ ಪುಷ್ಕರಣಿಯೂ ಅಷ್ಟೇ. ಟ್ರೈಪಾಡ್, ಲೈಟ್, ಡ್ರೋನ್ ತಗೊಂಡು ಸುಮ್ನೆ ಒಳಗೆ ಹೋಗುವ ಹಾಗಿಲ್ಲ, ಮೊದಲೇ ಅನುಮತಿ ತಗೊಳ್ಳಬೇಕು. ಗಿರಾಕಿಗೆ ಮಾತು ಕೊಡುವ ಮೊದಲು ಇದನ್ನು ತಿಳಿದುಕೊಂಡಿರಿ.

ಬಾಡಿ, ಅಂದರೆ ಲೆನ್ಸ್ ಬಿಟ್ಟು ಬರೀ ಕ್ಯಾಮೆರಾ, ಅದರ ಬಗ್ಗೆ ಜಾಸ್ತಿ ಹೇಳಲ್ಲ. ಹಳೆ ಮಾಡೆಲ್ ಆದರೂ ಎರಡು ಇರಲಿ, ಎರಡಕ್ಕೂ ಒಂದೇ ಬ್ಯಾಟರಿ, ಒಂದೇ ಲೆನ್ಸ್ ಮೌಂಟ್ (ಲೆನ್ಸ್ ಕೂರುವ ಬಾಯಿ) ಇರಲಿ. ಎರಡು ಮೆಮೊರಿ ಕಾರ್ಡ್ ಹಾಕುವ ಜಾಗ ಇರಲೇಬೇಕು. ತಾಳಿ ಎರಡನೇ ಸಲ ಕಟ್ಟಿಸಲು ಆಗಲ್ಲ. ಮನೆಗೆ ಬಂದ ರಾತ್ರಿಯೇ ಎರಡು ಹಾರ್ಡ್ ಡಿಸ್ಕಿಗೆ ಕಾಪಿ, ಆಮೇಲೆ ನಿದ್ದೆ.

ಕೊಳ್ಳಲು ಒಳ್ಳೆ ಕಾಲ ಅಂದರೆ ಆಷಾಢ. ಮದುವೆ ಇಲ್ಲ, ಕೈಯಲ್ಲಿ ದುಡ್ಡು ಓಡಾಡಲ್ಲ, ಮಾರುವವರು ಸ್ವಲ್ಪ ಬಗ್ಗುತ್ತಾರೆ. ಸೆಕೆಂಡ್ ಹ್ಯಾಂಡ್ ಲೆನ್ಸ್ ನೋಡಲು ಹೋಗುವಾಗ ನಿಮ್ಮ ಬಾಡಿ ತಗೊಂಡು ಹೋಗಿ. ಅಪರ್ಚರ್ ಪೂರ್ತಿ ತೆರೆದಿಟ್ಟು ಹಿಂದಿನಿಂದ ಮೊಬೈಲ್ ಟಾರ್ಚ್ ಬಿಡಿ, ಗಾಜಿನ ಒಳಗೆ ಜೇಡರ ಬಲೆ ತರಹ ಎಳೆ ಕಂಡರೆ ಫಂಗಸ್, ಬಿಟ್ಟು ಬನ್ನಿ. ಒಂದೆರಡು ಧೂಳಿನ ಚುಕ್ಕಿಗೆ ಹೆದರಬೇಕಿಲ್ಲ. ಜೂಮ್ ರಿಂಗ್ ತಿರುಗಿಸುವಾಗ ಎಲ್ಲಾದರೂ ಸಿಕ್ಕಿಕೊಂಡಂತೆ ಆದರೆ ಬಿದ್ದ ಲೆನ್ಸ್ ಇರಬಹುದು. ಒಂದು ಗೋಡೆ, ಇಲ್ಲವೇ ಹರಡಿದ ಪೇಪರನ್ನು ನೇರ ಎದುರಿಗೆ ನಿಂತು ತೆಗೆಯಿರಿ. ಎಡಗಡೆ ಅಕ್ಷರ ಸ್ಪಷ್ಟ, ಬಲಗಡೆ ಮಂಜು ಅಂದರೆ ಒಳಗಿನ ಗಾಜು ವಾಲಿದೆ. ಇಷ್ಟೆಲ್ಲಾ ನೋಡಲು ಕಾಲು ಗಂಟೆ ಸಾಕು. ಅಷ್ಟು ಹೊತ್ತು ಕೊಡದೆ ಅವಸರ ಮಾಡುವವನ ಹತ್ತಿರ ವ್ಯಾಪಾರವೇ ಬೇಡ.